ತಣ್ಣಗಿದ್ದ ರೇಡಿಯೋ

ಆ ರೇಡಿಯೋದ ಹೊಟ್ಟೆಯಲ್ಲಿ ಏನಿದೆ ಎಂಬುದು ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಕೂತಿದ್ದ ಎಪ್ಪತ್ತು ಚಿಲ್ಲರೆ ಜನರ ಪೈಕಿ ಅವನೊಬ್ಬನಿಗೇ ಗೊತ್ತಿತ್ತು. ಒಂದು ಸಂಗತಿ ಗೊತ್ತಿರುವುದು ಇಷ್ಟು ಭಾರವಾಗಿರುತ್ತದೆ ಎಂದು ಮಾತ್ರ ಅವನಿಗೆ ಇದುವರೆಗೆ ಗೊತ್ತಿರಲಿಲ್ಲ. ಕೊನೆಯ ಸಾಲಿನ ಕೊನೆಯ ಕುರ್ಚಿ ಅವನದು. ಅದರ ಒಂದು ಕಾಲು ಗಿಡ್ಡ, ಉಸಿರಾಡಿದರೂ ಟಕ್ ಎನ್ನುತ್ತಿತ್ತು. ಟಕ್ ಎಂದಾಗಲೆಲ್ಲ ಮುಂದಿನ ಸಾಲಿನ ದಪ್ಪ ಕನ್ನಡಕದವರು ತಿರುಗಿ ನೋಡುತ್ತಿದ್ದರು. ಅವರು ತಿರುಗಿದಾಗಲೆಲ್ಲ ಇವನು ಉಸಿರು ಹಿಡಿಯುತ್ತಿದ್ದ, ಹಿಡಿದ ಉಸಿರು ಬಿಡುವಾಗ ಮತ್ತೆ ಟಕ್. ಬೀದಿಯವರು ಅವನಿಗೆ ಸಿಡುಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದರೆ ಏನಾಗುತ್ತದೆಂದು ಆ ಹೆಸರೇ ಹೇಳುತ್ತಿತ್ತಲ್ಲ. ಅವನ ರಿಪೇರಿ ಅಂಗಡಿಗೆ ಬಂದ ಗಿರಾಕಿ ಮಿಕ್ಸರನ್ನು ಮೇಜಿನ ಮೇಲಿಟ್ಟು "ಇದು ಸುಮ್ನೆ ನಿಂತ್ಹೋಯ್ತಪ್ಪ" ಎಂದರೆ ಸಾಕು, "ಸುಮ್ನೆ ಯಾವ್ದೂ ನಿಲ್ಲಲ್ಲ, ನೀವೇನೋ ಮಾಡಿದೀರಿ" ಎಂದು ಎಗರಿ ಬೀಳುತ್ತಿದ್ದ. ಆದರೂ ಜನ ಬರುತ್ತಿದ್ದರು. ಅವನ ಕೈಗೆ ಸಿಕ್ಕಿದ ವಸ್ತು ಮತ್ತೆ ನಡೆಯುತ್ತಿತ್ತು, ಅದಕ್ಕೆ. ಆಗಲ್ಲ ಎಂಬ ಮಾತು ಆ ಅಂಗಡಿಯಲ್ಲಿ ಒಮ್ಮೆಯೂ ಕೇಳಿಬಂದಿರಲಿಲ್ಲ. ಆ ಒಂದು ಮಾತನ್ನು ಹೊಸ್ತಿಲಾಚೆ ನಿಲ್ಲಿಸಲೆಂದೇ ಅವನು ಹನ್ನೆರಡು ವರ್ಷದಿಂದ ಬೆಸುಗೆ ಕಡ್ಡಿ ಹಿಡಿದು ಕೂತಿದ್ದ ಎಂದರೂ ಸುಳ್ಳಲ್ಲ.

ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ರೇಡಿಯೋ. ಮರದ ಪೆಟ್ಟಿಗೆ, ದಂತದ ಬಣ್ಣದ ಎರಡು ದೊಡ್ಡ ಗುಂಡಿ, ಎದೆಗೆ ಹೆಣೆದ ಬಟ್ಟೆಯ ಪರದೆ. ನಿನ್ನೆ ಮಧ್ಯಾಹ್ನ ಅವನೇ ಅದಕ್ಕೆ ಎಣ್ಣೆ ಹಚ್ಚಿ ಉಜ್ಜಿದ್ದ. ಎಷ್ಟು ಉಜ್ಜಿದ್ದನೆಂದರೆ, ಒಳಗಿನ ಅಪರಾಧಕ್ಕೆ ಹೊರಗಿನ ಹೊಳಪೇ ಪರಿಹಾರ ಎಂಬಂತೆ ತೋಳು ನೋಯುವವರೆಗೆ ಉಜ್ಜಿದ್ದ. ಒಳಗೆ, ಗಾಜಿನ ಬುರುಡೆಯಂಥ ಸತ್ತ ವಾಲ್ವುಗಳ ಪಕ್ಕದಲ್ಲಿ, ಅಂಗೈಯಷ್ಟಗಲದ ಒಂದು ಪ್ಲಾಸ್ಟಿಕ್ ಸ್ಪೀಕರು ಕೂತಿತ್ತು. ಬಸ್ ನಿಲ್ದಾಣದ ಎದುರು ರಾಶಿ ಹಾಕಿ ಮಾರುತ್ತಾರಲ್ಲ, ವೈರಿಲ್ಲದೆ ಹಾಡುವಂಥದು, ಅದೇ. ಅದರ ನೀಲಿ ದೀಪ ಮಿಣಮಿಣ ಎನ್ನದ ಹಾಗೆ ಮೇಲೆ ಕಪ್ಪು ಟೇಪು ಅಂಟಿಸಿದ್ದ.

"ಇದೇನೋ ಇದು, ಕೆಂಪು ಗುಂಡಿ?" ಪಕ್ಕದಲ್ಲಿದ್ದ ಅಕ್ಕ ಅವನ ತೊಡೆಯ ಮೇಲಿನ ತಗಡಿನ ಡಬ್ಬಿಯತ್ತ ಬೆರಳು ಚಾಚಿದಳು.

"ಮುಟ್ಬೇಡ."

"ಮುಟ್ಟಿದ್ನಾ? ಕೇಳ್ದೆ ಅಷ್ಟೆ."

"ಇದನ್ನ ಒತ್ತಿದ್ರೆ ಒಳಗಡೆ ರೂಮಲ್ಲಿ ಕೆಂಪು ದೀಪ ಹತ್ಕೊಳುತ್ತೆ, ಪಿಟೀಲಮ್ಮ ಬಾರಿಸೋಕೆ ಶುರು ಮಾಡ್ತಾರೆ. ಮತ್ತೆ ಒತ್ತಿದ್ರೆ ದೀಪ ಆರುತ್ತೆ, ನಿಲ್ಲಿಸ್ತಾರೆ. ಸಾಕಾ?"

"ಅಷ್ಟೇನಾ? ಇದು ನನಗೂ ಬರುತ್ತಲ್ಲೋ. ಕಾಲರ್ ಸರಿ ಮಾಡ್ಕೊ, ವೇದಿಕೆ ಮೇಲೆ ಕರೀತಾರೆ ನಿನ್ನ."

ಕರೆಯುತ್ತಾರೆ. ಅದೇ ಅವನ ಹೆದರಿಕೆಯಾಗಿತ್ತು, ಅದೇ ಆಸೆಯೂ ಆಗಿತ್ತು. ಆಮಂತ್ರಣದ ಕಾಗದದಲ್ಲಿ "ಆರಂಭ ಕಾಲದ ರೇಡಿಯೋ: ಸಂಗೀತ ಮತ್ತು ಮಾತಿನ ಒಂದು ಸಂಜೆ" ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಉಪನ್ಯಾಸ, ಪಿಟೀಲು ವಾದನ, ಹಳೆಯ ಎಂಜಿನಿಯರರ ನೆನಪುಗಳು, ಮತ್ತೆ ಪಿಟೀಲು. ಎಲ್ಲಕ್ಕಿಂತ ಕೆಳಗೆ, ಮುದ್ರಣಾಲಯದವರ ಹೆಸರಿಗಿಂತ ಒಂದೇ ಒಂದು ಗೆರೆ ಮೇಲೆ, ಸಾಸಿವೆಯಷ್ಟು ಅಕ್ಷರದಲ್ಲಿ "ಯಂತ್ರ ದುರಸ್ತಿ" ಎಂದು ಅವನ ಅಂಗಡಿ. ಅಕ್ಕ ಆ ಕಾಗದವನ್ನು ಮಡಚದೆ, ಒಂದು ಪುಸ್ತಕದೊಳಗೆ ಇಟ್ಟುಕೊಂಡು ಬಂದಿದ್ದಳು.

ಕಾರ್ಯಕ್ರಮದ ಯೋಚನೆಯೆಲ್ಲ ಮೇಷ್ಟ್ರದು. ನಿವೃತ್ತರಾದ ಮೇಲೆ ಗ್ರಂಥಾಲಯದ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರೇ ಉಪನ್ಯಾಸಕರು, ಕುರ್ಚಿ ಕಡಿಮೆ ಬಿದ್ದರೆ ಕುರ್ಚಿ ಹೊರುವವರೂ ಅವರೇ. ಹಿಂದಿನ ಕಾಲದಲ್ಲಿ ಬಾರಿಸುವವರು ಎಲ್ಲೋ ಒಂದು ಮುಚ್ಚಿದ ಕೋಣೆಯಲ್ಲಿ, ಕೇಳುವವರು ಎಲ್ಲೋ ಒಂದು ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದರಲ್ಲ, ಹಾಗೆಯೇ ಪಿಟೀಲಮ್ಮನನ್ನು ಹಳೆಯ ಪತ್ರಿಕೆ ಪೇರಿಸಿಟ್ಟ ಒಳಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಕಂಬಳಿ ಬಡಿದು, ಮೈಕು ಇಟ್ಟು, ಸಭೆಗೆ ಅವರ ನಾದ ಬರೀ ರೇಡಿಯೋದಿಂದಲೇ ಕೇಳಿಸಬೇಕು. ಹನ್ನೆರಡು ದಿನದ ಹಿಂದೆ ಮೇಷ್ಟ್ರು ಈ ಪೆಟ್ಟಿಗೆಯನ್ನು ಆಟೋದಲ್ಲಿ ತಂದು ಅಂಗಡಿಯ ಮೇಜಿನ ಮೇಲಿಟ್ಟು, ಕನ್ನಡಕದ ಮೇಲಿಂದ ಅವನನ್ನು ನೋಡಿ, "ಏನಪ್ಪಾ, ನಿನ್ನ ಕೈಲಿ ಆಗುತ್ತಾ?" ಎಂದಿದ್ದರು. ಅವನ ಕಿವಿಯ ಹಿಂದೆ ಬಿಸಿ ಏರಿತು. ಎಂಟನೇ ತರಗತಿ, ಮಧ್ಯಾಹ್ನದ ಎರಡನೇ ಪೀರಿಯಡ್ಡು. ಬೆಂಚಿನ ಕೆಳಗೆ ಅವನು ಒಂದು ಶೆಲ್ಲಿಗೆ ಎರಡು ವೈರು ಸುತ್ತಿ ಬಲ್ಬು ಹೊತ್ತಿಸಿಬಿಟ್ಟಿದ್ದ, ಮೇಷ್ಟ್ರು ಹಿಡಿದು ಬೋರ್ಡಿಗೆ ಕರೆದು ಅದನ್ನೇ ಚಿತ್ರ ಬರೆದು ವಿವರಿಸು ಎಂದರು. ಸೀಮೆಸುಣ್ಣ ಹಿಡಿದ ಕೈ ಮೇಲೇಳಲಿಲ್ಲ. "ನಿನ್ನ ಕೈಲಿ ಆಗಲ್ಲ, ಹೋಗು, ಕೂತ್ಕೋ." ತರಗತಿ ಗೊಳ್ಳೆಂದಿತು. ಅವನು ಕೂತುಕೊಳ್ಳಲಿಲ್ಲ. ಬಾಗಿಲ ಕಡೆ ನಡೆದವನು ಅಂಗಳ ದಾಟಿ, ಗೇಟು ದಾಟಿ, ನಡೆಯುತ್ತಲೇ ಹೋದ. ಒಂದು ಲೆಕ್ಕದಲ್ಲಿ ಇನ್ನೂ ನಡೆಯುತ್ತಲೇ ಇದ್ದ. ಅಂಥ ಮನುಷ್ಯ ಮೇಜಿನಾಚೆ ನಿಂತು ಆಗುತ್ತಾ ಎಂದರೆ ಯಾವ ಉತ್ತರ ಕೊಡುವುದು? "ಆಗದೆ ಏನ್ ಸಾರ್? ಬಿಟ್ಟು ಹೋಗಿ," ಎಂದಿದ್ದ.

ಆಗಲಿಲ್ಲ. ಒಂದು ವಾಲ್ವು ಬಿರುಕುಬಿಟ್ಟಿತ್ತು, ಅಂಥದು ಎಲ್ಲೂ ಸಿಗಲಿಲ್ಲ. ನಾದವನ್ನು ಹೊರಗೆ ತಳ್ಳುವ ಟ್ರಾನ್ಸ್‌ಫಾರ್ಮರು ಸುಟ್ಟು ಇದ್ದಿಲಾಗಿತ್ತು. ಕೂದಲಿನಂಥ ತಂತಿಯನ್ನು ಬೆರಳಲ್ಲೇ ಸಾವಿರಾರು ಸುತ್ತು ಸುತ್ತಿದ, ಹೊಗೆ ಬಂತು. ಬಿಚ್ಚಿ ಮತ್ತೆ ಸುತ್ತಿದ. ಮತ್ತೆ ಹೊಗೆ, ಈ ಸಲ ವಾಸನೆ ಬೇರೆ. ಮೂರನೆಯ ಸಲ ಸುತ್ತುವಾಗ ಸುತ್ತು ಎಣಿಸುವುದನ್ನು ಮರೆತು ತಾನು ಮೇಷ್ಟ್ರ ಮುಂದೆ ನಿಂತು ಏನು ಹೇಳಬೇಕೆಂದು ಎಣಿಸುತ್ತಿದ್ದ. ಆ ವಾಕ್ಯದಲ್ಲಿ ಇದ್ದದ್ದು ಮೂರೇ ಪದ. ಅವನ್ನು ಹೇಳುವುದರ ಬದಲು ನಿನ್ನೆ ಮಧ್ಯಾಹ್ನ ಬಸ್ ನಿಲ್ದಾಣದ ಎದುರಿಗೆ ಹೋಗಿಬಂದ.

ಮೇಷ್ಟ್ರ ಉಪನ್ಯಾಸ ಶುರುವಾಗಿತ್ತು. "ನಾದದ ಅಲೆಗಳು," ಎಂದು ಅವರು ಕೈಯನ್ನು ಹಾವಿನಂತೆ ಆಡಿಸಿದರು, "ಗಾಳಿಯಲ್ಲಿ ತೇಲಿ ತೇಲಿ ಬರುತ್ತಿದ್ದವು. ಆದ್ದರಿಂದಲೇ ಗಾಳಿ ಜೋರಾಗಿದ್ದ ದಿನ ರೇಡಿಯೋ ಚೆನ್ನಾಗಿ ಕೇಳಿಸುತ್ತಿತ್ತು." ಕುರ್ಚಿ ಟಕ್ ಎಂದಿತು. ಗಾಳಿಯಂತೆ! ರೇಡಿಯೋದ ಅಲೆಗೆ ಗಾಳಿ ಯಾಕೆ ಬೇಕು? ಗಾಳಿಯೇ ಇಲ್ಲದ ಕಡೆಯೂ ಅದು ಹೋಗುತ್ತದೆ, ಆಕಾಶದಾಚೆಯಿಂದ ಬರುತ್ತದೆ, ಅಂಗಡಿಯ ಮುಂದೆ ನಿಂತು ಹರಟುವ ಹಳೆಯ ಬ್ಯಾಟರಿ ವ್ಯಾಪಾರಿಗೂ ಇದು ಗೊತ್ತಿದೆ. ಎದ್ದು ಕೂಗಿಬಿಡಬೇಕು ಅನ್ನಿಸಿತು. ಕೂಗಲು ಬಾಯಿಗೆ ಅಧಿಕಾರ ಎಲ್ಲಿಂದ ಬರಬೇಕು? ಗಾಳಿಯ ವಿಷಯದಲ್ಲಿ ಮೇಷ್ಟ್ರು ತಿಳಿಯದೆ ತಪ್ಪು ಹೇಳುತ್ತಿದ್ದರು. ಮೇಜಿನ ಮೇಲೆ ಕೂತಿರುವ ಪೆಟ್ಟಿಗೆಯ ವಿಷಯದಲ್ಲಿ ತಾನು ಎಲ್ಲ ತಿಳಿದೂ ಸುಳ್ಳು ಹೇಳುತ್ತಿದ್ದ. ಓದಿದವರ ಮೇಲೆ ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ ಸಿಟ್ಟು ಇವತ್ತು ಕೈಗೆ ಸಿಕ್ಕದೆ ಜಾರುತ್ತಿತ್ತು, ಅದಕ್ಕೂ ಸಿಟ್ಟು ಬಂತು.

"ಈಗ," ಎಂದರು ಮೇಷ್ಟ್ರು, ಮದುಮಗಳ ಮುಸುಕು ಸರಿಸುವವರಂತೆ ರೇಡಿಯೋದ ಗುಂಡಿಗೆ ಎರಡು ಬೆರಳು ಮುಟ್ಟಿಸಿ, "ಆ ಕಾಲದ ನಾದವನ್ನೇ ಕೇಳೋಣ."

ಗುಂಡಿ ತಿರುಗಿತು. ಅವನು ತೊಡೆಯ ಮೇಲೆ ಕೆಂಪು ಗುಂಡಿ ಒತ್ತಿದ. ಪಿಟೀಲು ಹೊಮ್ಮಿತು.

ಅಯ್ಯೋ ಎಂಥ ನಾದ ಎಂದು ಸಭೆ ನಿಟ್ಟುಸಿರಿಟ್ಟಿತು. ದಪ್ಪ ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರಂತೂ ಕಣ್ಣು ಮುಚ್ಚಿ, ಗಲ್ಲದ ಮೇಲೆ ನೀರು ಇಳಿಯುತ್ತಿದ್ದರೂ ಬಿಟ್ಟುಕೊಂಡು, "ಕೇಳಿ, ಕೇಳಿ, ಆ ಬೆಚ್ಚನೆಯ ದನಿ! ಇವತ್ತಿನ ಪ್ಲಾಸ್ಟಿಕ್ ಡಬ್ಬಿಗಳಿಂದ ಇದು ಬರುತ್ತಾ?" ಎಂದು ಪಿಸುಗುಟ್ಟಿದರು, ಮೇಷ್ಟ್ರ ಪಿಸುಮಾತು ಕೊನೆಯ ಬೆಂಚಿಗೂ ಕೇಳಿಸುವಂಥದು. ಪ್ಲಾಸ್ಟಿಕ್ ಡಬ್ಬಿ ಒಳಗೆ ಕೂತು ಹಾಡುತ್ತಿತ್ತು. ಅವನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ಸುಲಭವಾಗಿ ಮೋಸ ಹೋಗುವುದು ಅಂದರೇನು? ಒಬ್ಬನಾದರೂ ಅನುಮಾನ ಪಡಬಾರದೆ? ಇವರನ್ನು ನಂಬಿಸಲು ಹನ್ನೆರಡು ದಿನ ಬೆರಳು ಸುಟ್ಟುಕೊಳ್ಳುವ ಅಗತ್ಯವೇನಿತ್ತು, ಒಂದು ಖಾಲಿ ಪೆಟ್ಟಿಗೆ ಇಟ್ಟು ಪರದೆಯ ಹಿಂದೆ ಯಾರನ್ನೋ ಕೂರಿಸಿದ್ದರೂ ಅಳುತ್ತಿದ್ದರಲ್ಲ.

ಆಗ ಕಂಡಿತು. ಮೊದಲ ಸಾಲಿನಲ್ಲಿ ಎಂಜಿನಿಯರ್ ತಾತ. ತೊಂಬತ್ತು ದಾಟಿದ ಜೀವ, ರೇಡಿಯೋ ನಿಲಯ ಶುರುವಾದ ಕಾಲದಿಂದ ಅಲ್ಲಿದ್ದವರೆಂದು ಮೇಷ್ಟ್ರು ಊರೆಲ್ಲ ಹುಡುಕಿ ಕರೆತಂದದ್ದು. ತಾತ ಬಲಗೈಯಿಂದ ಎಡಗೈಯ ಗಡಿಯಾರ ಹಿಡಿದುಕೊಂಡಿದ್ದರು. ಗಡಿಯಾರ ನೋಡಿದರು. ರೇಡಿಯೋ ನೋಡಿದರು. ಆಮೇಲೆ ಕತ್ತನ್ನು ನಿಧಾನವಾಗಿ ತಿರುಗಿಸುತ್ತ, ಒಂದೊಂದೇ ಸಾಲು ದಾಟಿ, ಕೊನೆಯ ಸಾಲಿನ ಕೊನೆಯ ಕುರ್ಚಿಯವನ ತೊಡೆಯ ಮೇಲಿದ್ದ ಡಬ್ಬಿಗೆ, ಅಲ್ಲಿಂದ ಅವನ ಮುಖಕ್ಕೆ ಕಣ್ಣು ತಂದು ನಿಲ್ಲಿಸಿದರು.

ವಾಲ್ವು! ವಾಲ್ವಿನ ಸೆಟ್ಟು ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತದೆಯೆ? ಒಳಗಿನ ತಂತಿಗಳು ಕಾದು ಕೆಂಪಾಗಬೇಕು, ಅರ್ಧ ನಿಮಿಷ ಮುಕ್ಕಾಲು ನಿಮಿಷ ಉಸಿರೇ ಇರುವುದಿಲ್ಲ, ಆಮೇಲೆ ಗುಂಯ್ ಎಂದು ಒಂದು ಸದ್ದು, ಆಮೇಲೆ ನಾದ. ತಾತ ಆ ಮುಕ್ಕಾಲು ನಿಮಿಷ ಎಣಿಸಲು ಗಡಿಯಾರ ಹಿಡಿದು ಕೂತಿದ್ದರು. ಪೆಟ್ಟಿಗೆ ಒಂದು ಕ್ಷಣವೂ ಕಾಯದೆ ಹಾಡಿಬಿಟ್ಟಿತ್ತು. ಬೀದಿಯ ಯಾವ ಪೆದ್ದ ಬೇಕಾದರೂ ಮಾಡಬಹುದಾದ ತಪ್ಪಲ್ಲ ಇದು. ಗೊತ್ತಿದ್ದವನೇ ಮಾಡುವ ತಪ್ಪು. ಗೊತ್ತಿಲ್ಲದವನಿಗೆ ಇದು ತಪ್ಪೆಂದೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ಉಜ್ಜಲು ಎರಡು ಗಂಟೆ ಕೊಟ್ಟವನಿಗೆ ಮುಕ್ಕಾಲು ನಿಮಿಷ ನೆನಪಾಗಲಿಲ್ಲ.

ಪಿಟೀಲು ಮುಗಿದು ಕೆಂಪು ದೀಪ ಆರಿತು. ಚಪ್ಪಾಳೆಯ ನಡುವೆ ತಾತ ವೇದಿಕೆ ಹತ್ತಿದರು. ಮೈಕಿನ ಮುಂದೆ ಹೋಗದೆ ನೇರವಾಗಿ ರೇಡಿಯೋದ ಹತ್ತಿರ ಹೋಗಿ, ಅದರ ನೆತ್ತಿಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಅಲ್ಲೇ ಇತ್ತು. ಹತ್ತು ನಿಮಿಷ ನಡೆದ ವಾಲ್ವಿನ ಸೆಟ್ಟು ಬೆಕ್ಕು ಬಂದು ಮಲಗುವಷ್ಟು ಬಿಸಿಯಾಗಿರಬೇಕು. ಇದು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿರುತ್ತದೆ. ಮುಗಿಯಿತು ಎಂದುಕೊಂಡ. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಅಕ್ಕ ಅವನ ಮೊಣಕೈ ಹಿಡಿದು, "ನೋಡೋ, ನಿನ್ನ ಕೆಲಸಾನ ಹೇಗೆ ಮುಟ್ಟಿ ನೋಡ್ತಿದಾರೆ!" ಎಂದಳು.

"ಆಗೆಲ್ಲ," ಎಂದರು ತಾತ, ಗಾಳಿ ಕಡಿಮೆಯಾದ ತಿದಿಯಂಥ ದನಿಯಲ್ಲಿ, "ಗುಂಡಿ ತಿರುಗಿಸಿ ಕಾಯ್ಬೇಕಿತ್ತು. ಬಿಸಿಯಾಗೋವರೆಗೆ ಮನೆಯೋರೆಲ್ಲ ಪೆಟ್ಟಿಗೆ ಮುಖಾನೇ ನೋಡ್ಕೊಂಡು ಕೂರೋರು. ಜಗಳ ಆಡ್ತಿದ್ದ ಗಂಡ ಹೆಂಡ್ತೀನೂ ಬಾಯಿ ಮುಚ್ಚೋರು."

"ಆದ್ರೆ ಇವತ್ತು ತಕ್ಷಣ ಬಂತಲ್ಲ ಸಾರ್?" ಎಂದರು ಮೇಷ್ಟ್ರು. ಅನುಮಾನದಿಂದಲ್ಲ, ಹೆಮ್ಮೆಯಿಂದ.

ಸಭೆ ತಾತನನ್ನು ನೋಡಿತು. ತಾತ ಅವನನ್ನು ನೋಡಿದರು. ಮರುಕ್ಷಣ "ಹಾ!" ಎಂದು ಕೈಯನ್ನು ಪೆಟ್ಟಿಗೆಯ ಮೇಲಿಂದ ಎಳೆದುಕೊಂಡು, ಅಂಗೈಗೆ ಉಫ್ ಉಫ್ ಎಂದು ಊದಿಕೊಂಡು, "ಸುಡ್ತಾ ಇದೆಯಲ್ರೀ! ರಿಪೇರಿ ಮಾಡಿದೋನು ಗಟ್ಟಿಗ, ಮೊದಲೇ ಕಾಯಿಸಿ ಇಟ್ಟಿದಾನೆ," ಎಂದರು. ಎಪ್ಪತ್ತು ಚಿಲ್ಲರೆ ಜನ ಕೈ ತಟ್ಟಿದರು.

ಬದುಕಿದೆ ಅನ್ನಿಸಬೇಕಿತ್ತು. ಅರ್ಧ ಉಸಿರಿನಷ್ಟು ಹೊತ್ತು ಹಾಗೆ ಅನ್ನಿಸಿತು ಕೂಡ. ಆಮೇಲೆ ಸಿಟ್ಟು ಬಂತು. ಇವರು ಯಾರು ನನ್ನ ಮೇಲೆ ಕರುಣೆ ತೋರಿಸಲು? ಹಿಡಿದರೆ ಹಿಡಿಯಬೇಕು, ಬೈದರೆ ಬೈಯಬೇಕು. ಸಣ್ಣ ಮಗುವಿನ ಚಡ್ಡಿ ಒದ್ದೆಯಾದದ್ದನ್ನು ನೆಂಟರೆದುರು ಮುಚ್ಚಿಹಾಕುವ ಹಾಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾರಲ್ಲ! ಬೋರ್ಡಿನ ಮುಂದೆ ಆದದ್ದು ಇದಕ್ಕಿಂತ ವಾಸಿ, ಅಲ್ಲಿ ನಕ್ಕವರು ಎದುರಿಗೇ ನಕ್ಕಿದ್ದರು. ತಾನು ಯಾವಾಗ ಎದ್ದು ನಿಂತೆನೆಂದು ಅವನಿಗೆ ತಿಳಿಯಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಮಾತ್ರ ಕೇಳಿಸಿತು.

"ಸುಳ್ಳು!" ಎಂದ. "ಅದು ಸುಡ್ತಾ ಇಲ್ಲ. ತಣ್ಣಗಿದೆ. ರಿಪೇರಿನೇ ಆಗಿಲ್ಲ ಅದು. ನನ್ನ ಕೈಲಿ ಆಗಲಿಲ್ಲ."

ಮೂರೂ ಪದ ಹೊರಗೆ ಬಿದ್ದವು. ಈಗ ಆಕಾಶ ಕಳಚಿ ಬೀಳುತ್ತದೆ ಎಂದು ಅವನು ಕಾದ. ಮೇಷ್ಟ್ರ ಮುಖ ಅರಳಿತು.

"ನೋಡಿ, ನೋಡಿ ವಿನಯ!" ಎಂದರು ಅವರು ಸಭೆಯ ಕಡೆ ಎರಡೂ ಕೈ ಚಾಚಿ. "ಇವನು ನನ್ನ ಶಿಷ್ಯ ಕಣ್ರೀ! ಎಂಟನೇ ಕ್ಲಾಸಲ್ಲೂ ಹೀಗೇ. ಬರೋ ಉತ್ತರಾನೂ ಬರಲ್ಲ ಅಂತ ಬೋರ್ಡ್ ಮುಂದೆ ನಿಂತ್ಕೊಂಡಿರೋನು, ಅಷ್ಟು ಸಂಕೋಚ. ನಾನೇ, 'ನಿನ್ನ ಕೈಲಿ ಆಗುತ್ತೆ ಕಣೋ, ಮಾಡು' ಅಂತ ಬೆನ್ನು ತಟ್ತಿದ್ದೆ. ಇವತ್ತು ನೋಡಿ!"

ಮತ್ತೆ ಚಪ್ಪಾಳೆ. ಅವನ ಕಿವಿಯಲ್ಲಿ ಗುಂಯ್ ಎಂದಿತು. ಹನ್ನೆರಡು ವರ್ಷ ಅವನು ಎದೆಯಲ್ಲಿಟ್ಟುಕೊಂಡು ಉರಿಸಿದ್ದ ಬೆಂಕಿ, ದಿನಾ ಬೆಳಗ್ಗೆ ಅಂಗಡಿಯ ಕದ ತೆಗೆಯುವಾಗ ಊದಿ ಕೆಂಪಾಗಿಸಿಕೊಳ್ಳುತ್ತಿದ್ದ ಕೆಂಡ, ಈ ಮನುಷ್ಯನ ತಲೆಯಲ್ಲಿ ಅದರ ಬೂದಿಯೂ ಇರಲಿಲ್ಲ. ಇದ್ದದ್ದು ಬೇರೆ ಯಾರೋ ಹುಡುಗ, ಬೇರೆ ಯಾರೋ ಮೇಷ್ಟ್ರು, ಬೆನ್ನು ತಟ್ಟಿದ ಕೈ. ಸುಳ್ಳು ಹೇಳುತ್ತಿದ್ದಾರೆಯೆ ಎಂದು ಮುಖ ಹುಡುಕಿದ. ಇಲ್ಲ, ಮೇಷ್ಟ್ರು ಅದನ್ನು ನಿಜವಾಗಿ ನಂಬಿದ್ದರು, ಗಾಳಿಯಲ್ಲಿ ತೇಲುವ ಅಲೆಯನ್ನು ನಂಬಿದ್ದಷ್ಟೇ ನಿಜವಾಗಿ.

ತಗಡಿನ ಡಬ್ಬಿಯನ್ನು ಅಕ್ಕನ ಮಡಿಲಿಗೆ ಹಾಕಿ ವೇದಿಕೆಯ ಕಡೆ ನಡೆದ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ರೇಡಿಯೋವನ್ನು ಬೆನ್ನು ಸಭೆಗೆ ಕಾಣುವಂತೆ ತಿರುಗಿಸಿ, ಹಿಂದಿನ ಹಲಗೆಯ ಮೊದಲ ಸ್ಕ್ರೂಗೆ ಕೈ ಹಾಕಿದ.

"ಇದು ಕಾರ್ಯಕ್ರಮದಲ್ಲಿ ಇರಲಿಲ್ಲ," ಎಂದರು ಮೇಷ್ಟ್ರು ಸಂತೋಷದಿಂದ. "ಈಗ ನಮ್ಮ ಹುಡುಗ ಆ ಕಾಲದ ಯಂತ್ರದ ಒಳರಚನೆಯನ್ನೇ ತೋರಿಸ್ತಾನೆ. ಹಿಂದಿನ ಸಾಲಿನವರು ಮುಂದೆ ಬನ್ನಿ, ನೂಕಬೇಡಿ."

"ಸಾರ್, ಒಳರಚನೆ ಅಲ್ಲ..."

"ನೀನು ಬಿಚ್ಚಪ್ಪ, ವಿವರಣೆ ನಾನು ಕೊಡ್ತೀನಿ."

ಎರಡನೇ ಸ್ಕ್ರೂ. ಮೂರನೇದು ತುಕ್ಕು ಹಿಡಿದು ಹಟ ಮಾಡಿತು, ಎಪ್ಪತ್ತು ಜೋಡಿ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು, ಮೇಷ್ಟ್ರು ವಾಲ್ವಿನ ವಿಷಯದಲ್ಲಿ ಏನೇನೋ ಹೇಳಿ ಹೊತ್ತು ತುಂಬಿಸಿದರು. ನಾಲ್ಕನೆಯದು ಕೈಗೆ ಬಂತು. ಹಲಗೆ ಸರಿಸಿ, ಒಳಗೆ ಕೈ ಹಾಕಿ, ಸ್ಪೀಕರನ್ನು ಹೊರಗೆ ತೆಗೆದು, ಟೇಪು ಕಿತ್ತು, ಅಂಗೈ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ನೀಲಿ ದೀಪ ಮಿಣುಕಿತು.

"ಇದು," ಎಂದು ಬಾಯಿ ತೆರೆದ.

ಕೊನೆಯ ಸಾಲಿನಲ್ಲಿ ಅಕ್ಕ ಕಾರ್ಯಕ್ರಮದ ಕಾಗದ ನೋಡಿದಳು. ಎಂಜಿನಿಯರರ ನೆನಪುಗಳಾದ ಮೇಲೆ ಪಿಟೀಲು ಎಂದಿತ್ತು. ತಮ್ಮ ವೇದಿಕೆಯ ಮೇಲೆ ಕೈ ಎತ್ತಿ ತನ್ನ ಕಡೆಗೇ ನೋಡುತ್ತಿದ್ದ. ಅವನು ಒಬ್ಬನೇ ಎಷ್ಟು ಅಂತ ನೋಡಿಕೊಂಡಾನು ಪಾಪ. ಕೆಂಪು ಗುಂಡಿ ಒತ್ತಿದಳು.

ಅವನ ಅಂಗೈಯಿಂದ ಪಿಟೀಲು ಎದ್ದಿತು.

ಪಿಟೀಲಮ್ಮ ಹಳೆಯ ಕಾಲದವರು. ಕೆಂಪು ದೀಪ ಹತ್ತಿದರೆ ಬಾರಿಸುವುದು, ಆರಿದರೆ ನಿಲ್ಲಿಸುವುದು. ಹೊರಗೆ ಮನೆ ಬಿದ್ದರೂ ಅವರಿಗೆ ಸಂಬಂಧವಿಲ್ಲ. ಈ ಸಲ ಎತ್ತಿಕೊಂಡದ್ದು ನಿಧಾನದ ರಾಗ. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬ ಮನುಷ್ಯ ಊರಿಗೆ ಹೋಗಿಬರಬಹುದು. ಸಭೆಗೆ ಏನಾಗುತ್ತಿದೆಯೆಂದು ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಅಷ್ಟರಲ್ಲಿ ಸಂಗೀತ ಶುರುವಾಗಿಬಿಟ್ಟಿತ್ತು. ಸಂಗೀತ ಶುರುವಾದ ಮೇಲೆ ಮಾತಾಡುವುದುಂಟೆ, ಎದ್ದುಹೋಗುವುದುಂಟೆ? ಮುಂದೆ ಬಂದಿದ್ದವರು ನಿಂತಲ್ಲೇ ನಿಂತರು. ಅವನೂ ನಿಂತ, ಕೈ ಎತ್ತಿಕೊಂಡು. ಇಳಿಸಲು ಹೋದಾಗ ನಾದ ಗೊರ್ರೆಂದು ಕೆಟ್ಟಿತು, ಇಪ್ಪತ್ತು ಜನ ಮುಖ ಸಿಂಡರಿಸಿದರು, ಮತ್ತೆ ಎತ್ತಿದ. ಆರಿಸಬಹುದಿತ್ತು. ಒಳಗೆ ಕಂಬಳಿಯ ಹಿಂದೆ ಕಣ್ಣು ಮುಚ್ಚಿ ಬಾರಿಸುತ್ತಿರುವ ಮುದುಕಿಯ ಕೊರಳು ಹಿಸುಕಿದಂತಾಗುತ್ತದೆ ಅನ್ನಿಸಿ ಬೆರಳು ಬರಲಿಲ್ಲ. ಹೀಗೆ ಊರಿಗೆಲ್ಲ ಕಾಣುವಂತೆ, ಇಸ್ತ್ರಿ ಮಾಡಿದ ಅಂಗಿಯ ಕಂಕುಳಲ್ಲಿ ಬೆವರಿನ ನಕ್ಷೆ ಬಿಡಿಸಿಕೊಂಡು, ಅವನೇ ಒಂದು ರೇಡಿಯೋ ಆಗಿ ನಿಂತ.

ತೋಳು ನಡುಗತೊಡಗಿದಾಗ ಪಕ್ಕದಿಂದ ಒಂದು ಒಣ ಕೈ ಬಂದು ಅವನ ಮೊಣಕೈಗೆ ಆಸರೆ ಕೊಟ್ಟಿತು. ತಾತ.

"ಯಾಕೆ ಸುಳ್ಳು ಹೇಳಿದ್ರಿ?" ಅವನು ತುಟಿ ಅಲ್ಲಾಡಿಸದೆ ಹಲ್ಲು ಕಚ್ಚಿ ಕೇಳಿದ.

"ಅಭ್ಯಾಸ," ಎಂದರು ತಾತ, ಅವನ ಕಿವಿಗೆ ಮಾತ್ರ ಕೇಳುವಂತೆ. "ನಾನು ಎಂಜಿನಿಯರ್ ಅಲ್ಲಪ್ಪ. ನಿಮ್ಮ ಮೇಷ್ಟ್ರು ಹಾಗಂತ ಅಚ್ಚು ಹಾಕಿಸಿಬಿಟ್ರು, ತಿದ್ದೋಕೆ ಸಂಕೋಚ ಆಯ್ತು. ನಾನು ನಿಲಯದಲ್ಲಿ ಕೆಮ್ಮೋನು."

"ಏನು?"

"ಕೆಮ್ಮೋನು. ಹಾಡೋರು ಕೈ ಕೊಟ್ಟಾಗ ಗ್ರಾಮಾಫೋನ್ ಪ್ಲೇಟು ಹಾಕಿಬಿಟ್ಟು, ಇಲ್ಲೇ ಕೂತು ಹಾಡ್ತಿದಾರೆ ಅಂತ ಹೇಳೋರು. ಕೇಳೋರು ನಂಬಬೇಕಲ್ಲ? ಅದಕ್ಕೆ ನಾನು ಮಧ್ಯೆ ಮಧ್ಯೆ ಕೆಮ್ಮಬೇಕು. ಕುರ್ಚಿ ಸರಿಸಬೇಕು. ಒಂದ್ಸಲ ಭೇಷ್ ಅಂದೆ, ಅದಕ್ಕೆ ಬೈಸ್ಕೊಂಡೆ, ಅದು ನನ್ನ ದರ್ಜೆಗೆ ಮೀರಿದ್ದಂತೆ."

ಅವನಿಗೆ ನಗು ಬಂತು. ನಗು ಬಂದರೆ ತೋಳು ಅಲುಗುತ್ತದೆ, ತೋಳು ಅಲುಗಿದರೆ ಪಿಟೀಲು ಅಲುಗುತ್ತದೆ. ಮೂಗಿನಲ್ಲಿ ಉಸಿರು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ. ಕೆಳಗಿನಿಂದ ನೋಡಿದವರು ಸಂಗೀತಕ್ಕೆ ಅಳುತ್ತಿದ್ದಾನೆ ಎಂದುಕೊಂಡರು. ಅವರು ಏನಾದರೂ ಅಂದುಕೊಳ್ಳಲಿ ಎಂದು ಬಿಟ್ಟುಬಿಟ್ಟಾಗ, ಈ ಸಂಜೆಯಲ್ಲಿ ಮೊದಲ ಸಲ, ನಾದ ಕಿವಿಗೆ ಬಿತ್ತು. ಇಷ್ಟು ಹೊತ್ತು ಅವನು ಕೇಳಿಯೇ ಇರಲಿಲ್ಲ. ಬಸ್ ನಿಲ್ದಾಣದ ಡಬ್ಬಿ ಕೀರಲಾಗಿ, ಮೂಗಿನಲ್ಲಿ, ತನ್ನ ಕೈಲಾದಷ್ಟು ಹಾಡುತ್ತಿತ್ತು. ಅದರ ಹಿಂದೆಲ್ಲೋ ಒಂದು ಮುದಿ ಕೈ ಯಾವ ಅವಸರವೂ ಇಲ್ಲದೆ ಕಮಾನು ಎಳೆಯುತ್ತಿತ್ತು.

ಮುಗಿಯಿತು. ಅಕ್ಕ ನೆನಪಿಟ್ಟು ಗುಂಡಿ ಒತ್ತಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಯಾರಿಗೆ ತಟ್ಟಿದಂತೆ ಎಂದು ಯಾರಿಗೂ ತಿಳಿಯಲಿಲ್ಲ. ಒಳಕೋಣೆಯ ಕಂಬಳಿ ಸರಿದು, ಪಿಟೀಲಮ್ಮ ಬಗ್ಗಿ ಹೊರಗೆ ಇಣುಕಿದರು.

"ಏನ್ರೀ, ಎಲ್ಲಾ ಮನೆಗೆ ಹೋದ್ರಾ?"

ಸಭೆ ಬಿದ್ದು ಬಿದ್ದು ನಕ್ಕಿತು, ನಗುತ್ತಲೇ ಚಪ್ಪಾಳೆ ಹೊಡೆಯಿತು. ನಗದೆ ಉಳಿದವರು ಮೇಷ್ಟ್ರೊಬ್ಬರೇ. ಅವರು ಮೇಜಿನ ಹತ್ತಿರ ನಿಂತು, ಹಿಂಬದಿ ತೆರೆದ ಪೆಟ್ಟಿಗೆಯನ್ನೂ ಅವನ ಅಂಗೈಯನ್ನೂ ನೋಡುತ್ತಿದ್ದರು. ಕೈಯಲ್ಲಿದ್ದ ವಂದನಾರ್ಪಣೆಯ ಹಾಳೆ ಬಿಡಿಸಿದರು. ಓದಿದರು, ದುರಸ್ತಿಯ ಸಾಲು ಬಂದಾಗ ನಿಂತು, ಕನ್ನಡಕ ತೆಗೆದು, ಹಾಕಿಕೊಂಡು, ಆ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋದರು. ಜನ ಕುರ್ಚಿಗಳಿಂದ ಏಳುವಾಗ ದಪ್ಪ ಕನ್ನಡಕದವರು ಮೇಷ್ಟ್ರ ಪಕ್ಕದಲ್ಲಿ ಹಾದುಹೋಗುತ್ತ, "ಏನೇ ಹೇಳಿ ಮೇಷ್ಟ್ರೇ, ದನಿ ಬೆಚ್ಚಗಿತ್ತು!" ಎಂದರು. ಅವರ ಹಿಂದಿದ್ದವರು ಕಿಸಕ್ಕೆಂದರು.

ಇದನ್ನೇ ಅಲ್ಲವೆ ಅವನು ಹನ್ನೆರಡು ವರ್ಷ ಕನಸಿದ್ದು? ತುಂಬಿದ ಸಭೆ, ಮೇಷ್ಟ್ರು, ನಗು. ಕನಸಿನಲ್ಲಿ ಮೇಷ್ಟ್ರ ಅಂಗಿಯ ಕಾಲರಿನ ಅಂಚು ಹೀಗೆ ಸವೆದು ದಾರ ಬಿಟ್ಟಿರಲಿಲ್ಲ.

"ನಾನು ನಿಜವಾಗ್ಲೂ ಅತ್ತೆ ಕಣೋ," ಎಂದರು ಮೇಷ್ಟ್ರು. ಬೈಯಲಿಲ್ಲ.

"ನೋಡ್ದೆ ಸಾರ್." ಏನಾದರೂ ಸೇರಿಸಬೇಕೆಂದು ಹುಡುಕಿದ. "ಬಾರಿಸಿದ್ದು ಅವರೇ ತಾನೆ ಸಾರ್. ಅದೇನ್ ಸುಳ್ಳಲ್ಲ."

ಮೇಷ್ಟ್ರು ತೆರೆದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಮೂರು ಸಲ ಸುತ್ತಿ ಮೂರು ಸಲ ಸುಟ್ಟ ತಂತಿಯ ಉಂಡೆ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ಮಸಿಯಾದ ಬೆರಳನ್ನು ನೋಡಿಕೊಂಡರು. "ಇದನ್ನ ಯಾರು ಸುತ್ತಿದ್ದು?"

"ನಾನೇ."

"ಕೈಯಲ್ಲೇ?"

"ಹೂಂ."

"ಹೇಳಬಾರ್ದಾಗಿತ್ತೇನೋ ನನಗೆ?"

ಅವನು ಬಾಯಿ ತೆರೆದ. ಬೋರ್ಡು, ಸೀಮೆಸುಣ್ಣ, ಗೇಟು ಎಲ್ಲ ತುದಿನಾಲಿಗೆಗೆ ಬಂದವು. ಯಾರಿಗೆ ಹೇಳುವುದು? ಇವರಿಗೆ ನೆನಪಿರುವ ಹುಡುಗನೇ ಬೇರೆ. ಹಿಂದಿನ ಹಲಗೆ ಎತ್ತಿ ಪೆಟ್ಟಿಗೆಗೆ ಮುಚ್ಚಿದ.

"ಅಂಗಡಿಗೆ ವಾಪಸ್ ತಗೊಂಡ್ಹೋಗು," ಎಂದರು ಮೇಷ್ಟ್ರು. "ಸರಿ ಹೋಗುತ್ತಾ ಮುಂದೆ ಯಾವಾಗಾದ್ರೂ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಹೇಗೋ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಸಾರ್!" ಎಂದು ಸಿಡುಕಿದ. ಸಿಡುಕಿದ ಮೇಲೆ ಎದೆಯೊಳಗೆ ಜಾಗ ಆದಂತಿತ್ತು.

ಪೆಟ್ಟಿಗೆ ಒಬ್ಬರೇ ಹೊರುವಂಥದಲ್ಲ. ಅಕ್ಕ ಆಟೋ ಹಿಡಿಯಲು ಕೆಳಗೆ ಓಡಿದಳು. ಎಷ್ಟು ಬೇಡವೆಂದರೂ ಕೇಳದೆ ಮೇಷ್ಟ್ರು ಒಂದು ತುದಿ ಹಿಡಿದರು. ಮೆಟ್ಟಿಲ ಬಳಿ ಬಂದಾಗ ನೋಡಿದರೆ ಹಿಂದುಹಿಂದಕ್ಕೆ ಇಳಿಯುವ ಸರದಿ ಅವರದೇ ಆಗಿತ್ತು. ಪೆಟ್ಟಿಗೆ ಅವರ ಗದ್ದದವರೆಗೆ ಬರುತ್ತಿತ್ತು, ಕಾಲು ಕಾಣುವಂತಿರಲಿಲ್ಲ, ಮೆಟ್ಟಿಲ ದೀಪ ಬೇರೆ ಕೆಟ್ಟಿತ್ತು.

"ನಿಧಾನ ಸಾರ್. ಎಡಕ್ಕೆ."

"ನನ್ನ ಎಡಾನೋ, ನಿನ್ನ ಎಡಾನೋ?"

"ನಿಮ್ದು. ಅಲ್ಲಲ್ಲ, ಇನ್ನೂ ಇದೆ. ಈಗ ಕಾಲಿಡಿ."

"ಸರಿಯಾಗಿ ಹೇಳೋ, ನಾನು ಬಿದ್ರೆ ನೀನೂ ಬೀಳ್ತೀಯ."

"ನಾನ್ಯಾಕೆ ಬೀಳ್ಲಿ? ನಾನು ಮೇಲಿದೀನಿ."

ಒಂದೊಂದು ಮೆಟ್ಟಿಲಿಗೂ ಮೇಷ್ಟ್ರ ಚಪ್ಪಲಿ ಗಾಳಿಯಲ್ಲಿ ತಡಕಾಡಿ, ಕಲ್ಲು ಸಿಕ್ಕಿದ ಮೇಲೆ ಉಸ್ಸೆನ್ನುತ್ತಿತ್ತು. ತಿರುವು ದಾಟಿದರು. ಬೀದಿಯ ಬೆಳಕು ಕೆಳಗಿನಿಂದ ಒಂದಿಷ್ಟು ಒಳಗೆ ಬಂದಿತ್ತು. ಅದು ಮೇಲಿದ್ದವನಿಗೆ ಕಾಣುತ್ತಿತ್ತು, ಬೆನ್ನು ಮಾಡಿ ಇಳಿಯುತ್ತಿದ್ದವರಿಗೆ ಕಾಣುತ್ತಿರಲಿಲ್ಲ. ಮೇಷ್ಟ್ರು ನಿಂತರು. ಪೆಟ್ಟಿಗೆಯ ಅಂಚಿನ ಮೇಲೆ ಅವರ ಹಣೆ ಬೆವರಿ ಹೊಳೆಯುತ್ತಿತ್ತು.

"ಇನ್ನೆಷ್ಟಿದೆಯೋ?"

ಒಂದು ಅಂದರೆ ಸಾಕಿತ್ತು, ಮೇಷ್ಟ್ರು ಬೀಳುತ್ತಿದ್ದರು. ಅವನು ಮೆಟ್ಟಿಲು ನೋಡಿದ, ಗಾಳಿಯಲ್ಲಿ ನೆಲ ಹುಡುಕುತ್ತಿದ್ದ ಆ ಹಿಮ್ಮಡಿ ನೋಡಿದ.

"ಎರಡು, ಸಾರ್," ಎಂದ.

ಎರಡೇ ಇದ್ದವು.